ಇಬ್ಬರಿಗೆ ಒಂದು ಚಿನ್ನ: ಎತ್ತರ ಜಿಗಿತದ ನಿಯಮ ಮತ್ತು ಕ್ರೀಡಾ ಬಾಂಧವ್ಯ

ಅಂತರರಾಷ್ಟ್ರೀಯ ಕ್ರೀಡಾಕೂಟಗಳು ರಾಷ್ಟ್ರಗಳ ನಡುವೆ ಮಾನವ ಬಾಂಧವ್ಯವನ್ನು ಹೇಗೆ ಬೆಳೆಸುತ್ತವೆ ಎಂಬ ಪ್ರಶ್ನೆಗೆ ನಾನು ಮೊದಲು ಬರೆದ ಉತ್ತರದಲ್ಲಿ ಐದು ಉಂಗುರಗಳು, ಜ್ಯೋತಿ, ಧ್ವಜಗಳ ಮೆರವಣಿಗೆ ಎಲ್ಲವೂ ಇದ್ದವು. ಮನುಷ್ಯರು ಮಾತ್ರ ಇರಲಿಲ್ಲ. ಎರಡನೆಯ ಸಲ ಬರೆಯುವಾಗ ಒಂದೇ ಒಂದು ಸ್ಪರ್ಧೆಯನ್ನು ಹಿಡಿದು ಕುಳಿತೆ. ಅದು 2021ರ ಆಗಸ್ಟ್ 1ರಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಡೆದ ಪುರುಷರ ಎತ್ತರ ಜಿಗಿತದ ಫೈನಲ್. ಕತಾರ್‌ನ ಮುತಾಜ್ ಎಸ್ಸಾ ಬಾರ್ಶಿಮ್ ಮತ್ತು ಇಟಲಿಯ ಜಿಯಾನ್‌ಮಾರ್ಕೊ ತಂಬೇರಿ ಇಬ್ಬರೂ 2.37 ಮೀಟರ್ ದಾಟಿದರು, 2.39ರಲ್ಲಿ ಇಬ್ಬರೂ ಮೂರು ಮೂರು ಸಲ ವಿಫಲರಾದರು, ಕೊನೆಗೆ ಚಿನ್ನವನ್ನು ಹಂಚಿಕೊಂಡರು. 2.37 ಮೀಟರ್ ಎಂದರೆ ಸುಮಾರು 7 ಅಡಿ 9 ಇಂಚು. ನಮ್ಮ ಮನೆಯ ಬಾಗಿಲ ಚೌಕಟ್ಟಿಗೆ ಟೇಪು ಹಿಡಿದು ನೋಡಿದೆ. ಅದು 7 ಅಡಿಗೇ ಮುಗಿದುಹೋಗುತ್ತದೆ.

ಕಾಯುವವರ ಆಟ

ನೂರು ಮೀಟರ್ ಓಟ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಎತ್ತರ ಜಿಗಿತದ ಫೈನಲ್ ಗಂಟೆಗಟ್ಟಲೆ ನಡೆಯುತ್ತದೆ, ಮತ್ತು ಸ್ಪರ್ಧಿಯ ಬಹುಪಾಲು ಸಮಯ ತನ್ನ ಸರದಿಗಾಗಿ ಎದುರಾಳಿಗಳ ಪಕ್ಕದ ಬೆಂಚಿನ ಮೇಲೆ ಕಾಯುವುದರಲ್ಲೇ ಕಳೆಯುತ್ತದೆ. ಎದುರಿಗಿರುವುದು ಅಡ್ಡಪಟ್ಟಿ, ಪಕ್ಕದವನು ನನ್ನ ಜಿಗಿತವನ್ನು ಯಾವ ರೀತಿಯಲ್ಲೂ ತಡೆಯಲಾರ. ಅದರ ಮೇಲೆ, ವರ್ಷವಿಡೀ ಊರೂರಿನ ಕೂಟಗಳಲ್ಲಿ ಭೇಟಿಯಾಗುವವರು ಹೆಚ್ಚುಕಡಿಮೆ ಅದೇ ಹತ್ತಿಪ್ಪತ್ತು ಜನ. ಬಾರ್ಶಿಮ್ ಮತ್ತು ತಂಬೇರಿಯ ಪರಿಚಯ 2010ರಲ್ಲಿ ಕೆನಡಾದ ಮಾಂಕ್ಟನ್‌ನಲ್ಲಿ ನಡೆದ ವಿಶ್ವ ಜೂನಿಯರ್ ಕೂಟದ್ದು. 2016ರಲ್ಲಿ, ರಿಯೊ ಒಲಿಂಪಿಕ್ಸ್‌ಗೆ ಕೆಲವೇ ವಾರಗಳಿರುವಾಗ, ತಂಬೇರಿಯ ಪಾದದ ಗಂಟಿನ ಅಸ್ಥಿರಜ್ಜು ಹರಿಯಿತು. ಮರುವರ್ಷ ಪ್ಯಾರಿಸ್‌ನ ಕೂಟದಲ್ಲಿ ತೀರಾ ಕೆಟ್ಟದಾಗಿ ಜಿಗಿದು ಕೋಣೆಯ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ ಬಾಗಿಲು ತಟ್ಟಿ ಮಾತಾಡಿಸಿದವನು ಬಾರ್ಶಿಮ್ ಎಂದು ತಂಬೇರಿಯೇ ಹೇಳಿಕೊಂಡಿದ್ದಾನೆ. 2018ರಲ್ಲಿ ಬಾರ್ಶಿಮ್‌ಗೂ ಪಾದದ ಗಂಟಿಗೇ ಪೆಟ್ಟಾಯಿತು. ಆದ್ದರಿಂದ ಟೋಕಿಯೊದಲ್ಲಿ ಕಂಡದ್ದು ಹನ್ನೊಂದು ವರ್ಷ ಹಳೆಯ ಸ್ನೇಹವೆಂದು ಉತ್ತರದಲ್ಲಿ ಬರೆಯಬೇಕು. ಒಲಿಂಪಿಕ್ಸ್ ಅದನ್ನು ಲೋಕಕ್ಕೆ ತೋರಿಸಿತು, ಬೆಳೆಸಿದ್ದು ಸಣ್ಣಪುಟ್ಟ ಕೂಟಗಳ ಬೆಂಚುಗಳು.

ಸಮಬಲವಾದರೆ ಏನಾಗುತ್ತದೆ? (ನಾನು ಎಡವಿದ ಜಾಗ)

ಎರಡು ದಿನ ನನಗೆ ಅರ್ಥವಾಗದೆ ಉಳಿದದ್ದು ಒಂದೇ ವಿಷಯ. ಆ ದಿನ 2.37 ದಾಟಿದವರು ಮೂವರು. ಬೆಲಾರಸ್‌ನ ಮಕ್ಸಿಮ್ ನೆದಸೆಕಾವ್ ಕೂಡ ಅಷ್ಟೇ ಜಿಗಿದಿದ್ದ. ಹಾಗಾದರೆ ಅವನಿಗೇಕೆ ಕಂಚು? ಅಂಕಪಟ್ಟಿಯಲ್ಲಿ ದಾಟಿದರೆ ಸೊನ್ನೆ, ಬಿದ್ದರೆ ಗುಣಿಸುವ ಚಿಹ್ನೆ, ಆ ಎತ್ತರವನ್ನು ಬಿಟ್ಟರೆ ಅಡ್ಡಗೆರೆ ಹಾಕುತ್ತಾರೆ. ಇಬ್ಬರು ಒಂದೇ ಎತ್ತರದಲ್ಲಿ ನಿಂತರೆ ಮೊದಲು ನೋಡುವುದು, ಕೊನೆಯದಾಗಿ ದಾಟಿದ ಆ ಎತ್ತರವನ್ನು ಯಾರು ಕಡಿಮೆ ಯತ್ನಗಳಲ್ಲಿ ದಾಟಿದರು ಎಂಬುದನ್ನು. ಅಲ್ಲಿಯೂ ಸಮವಾದರೆ, ಸ್ಪರ್ಧೆಯ ಆರಂಭದಿಂದ ಆ ಎತ್ತರದವರೆಗೆ ಯಾರ ವೈಫಲ್ಯ ಕಡಿಮೆ ಎಂದು ಎಣಿಸುತ್ತಾರೆ.

ನಾನು ಮಾಡಿದ ತಪ್ಪೆಂದರೆ, ದಾಟಲಾಗದೆ ಹೋದ ಎತ್ತರದ ವೈಫಲ್ಯಗಳನ್ನೂ ಸೇರಿಸಿ ಎಣಿಸಿದ್ದು. ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆದುಕೊಂಡು ನೋಡಿದರೆ ಇದು ತಿಳಿಯುತ್ತದೆ. ಅ ಎಂಬವನು 2.27ನ್ನು ಎರಡನೆಯ ಯತ್ನದಲ್ಲಿ, 2.30ನ್ನು ಮೊದಲ ಯತ್ನದಲ್ಲಿ ದಾಟಿದ. ಆ ಎಂಬವನು 2.27ನ್ನು ಮೊದಲ ಯತ್ನದಲ್ಲಿ, 2.30ನ್ನು ಎರಡನೆಯ ಯತ್ನದಲ್ಲಿ ದಾಟಿದ. ಇಬ್ಬರಿಗೂ ಒಟ್ಟು ವೈಫಲ್ಯ ಒಂದೇ, ಆದರೂ 2.30ರಲ್ಲಿ ಎಡವದ ಅ ಮುಂದಿರುತ್ತಾನೆ. ಈಗ 2.33ರಲ್ಲಿ ಅ ಮೂರು ಸಲ ಬಿದ್ದ, ಆ ಎಂಬವನು ಒಂದು ಸಲ ಬಿದ್ದು ಸ್ಪರ್ಧೆಯನ್ನೇ ಬಿಟ್ಟ ಎಂದುಕೊಳ್ಳಿ. ನನ್ನ ಲೆಕ್ಕದಲ್ಲಿ ಹಿಂದೆ ಸರಿದವನಿಗೆ ಎರಡು ವೈಫಲ್ಯ ಕಡಿಮೆಯಾಗಿ ಅವನೇ ಗೆಲ್ಲುತ್ತಿದ್ದ! ಹಾಗಾಗಬಾರದೆಂದೇ ಎಣಿಕೆ ಕೊನೆಯ ಯಶಸ್ಸಿಗೆ ನಿಲ್ಲುತ್ತದೆ. ನೆದಸೆಕಾವ್‌ನ ಪಟ್ಟಿಯಲ್ಲಿ ಮೊದಲೇ ವೈಫಲ್ಯಗಳಿದ್ದವು. ಬಾರ್ಶಿಮ್ ಮತ್ತು ತಂಬೇರಿಯ ಪಟ್ಟಿಯಲ್ಲಿ 2.37ರವರೆಗೆ ಒಂದೂ ಇರಲಿಲ್ಲ.

ಈ ಎರಡು ಮೆಟ್ಟಿಲುಗಳ ನಂತರವೂ ಸಮಬಲ ಉಳಿದರೆ, ಮೊದಲ ಸ್ಥಾನವನ್ನು ಬಿಟ್ಟು ಉಳಿದೆಲ್ಲ ಸ್ಥಾನಗಳನ್ನು ಹಂಚಿಬಿಡುತ್ತಾರೆ. 2012ರ ಲಂಡನ್‌ನಲ್ಲಿ 2.29 ಜಿಗಿದ ಬಾರ್ಶಿಮ್, ಕೆನಡಾದ ಡೆರೆಕ್ ಡ್ರೂವಿನ್, ಬ್ರಿಟನ್ನಿನ ರಾಬಿ ಗ್ರಾಬಾರ್ಜ್ ಮೂವರಿಗೂ ಕಂಚು ಸಿಕ್ಕಿದ್ದು ಹೀಗೆ. (ಚಿನ್ನ ಗೆದ್ದಿದ್ದ ರಷ್ಯಾದ ಇವಾನ್ ಉಖೋವ್ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಅನರ್ಹನಾದ ಮೇಲೆ ಆ ಮೂರು ಕಂಚುಗಳೂ ಬೆಳ್ಳಿಯಾದವು.) ಮೊದಲ ಸ್ಥಾನಕ್ಕೆ ಮಾತ್ರ ಜಂಪ್ ಆಫ್ ಇದೆ: ಒಂದೊಂದೇ ಯತ್ನ, ಇಬ್ಬರೂ ದಾಟಿದರೆ ಅಡ್ಡಪಟ್ಟಿ 2 ಸೆಂಟಿಮೀಟರ್ ಮೇಲೆ, ಇಬ್ಬರೂ ಬಿದ್ದರೆ 2 ಸೆಂಟಿಮೀಟರ್ ಕೆಳಗೆ. ನಮ್ಮ ಪ್ರಶ್ನೆಗೆ ಬೇಕಾದದ್ದು ಇದರ ಕೊನೆಯ ವಾಕ್ಯ. ಸ್ಪರ್ಧಿಗಳೇ ಇನ್ನು ಜಿಗಿಯುವುದಿಲ್ಲ ಎಂದು ತೀರ್ಮಾನಿಸಿದರೆ ಮೊದಲ ಸ್ಥಾನವೂ ಸಮಬಲವಾಗಿಯೇ ಉಳಿಯುತ್ತದೆ.

ಆ ಕೆಲವು ಕ್ಷಣಗಳು

ಅಧಿಕಾರಿಯೊಬ್ಬರು ಜಂಪ್ ಆಫ್ ವಿವರಿಸತೊಡಗಿದಾಗ, ಎರಡು ಚಿನ್ನ ಕೊಡಬಹುದೇ ಎಂದು ಬಾರ್ಶಿಮ್ ಕೇಳಿದ. ಸಾಧ್ಯವಿದೆ ಎಂಬ ಉತ್ತರ ಪೂರ್ತಿಯಾಗುವ ಮೊದಲೇ ಇಬ್ಬರೂ ಕೈ ಬಡಿದುಕೊಂಡಿದ್ದರು, ತಂಬೇರಿ ಅವನ ತೋಳಿಗೆ ಹಾರಿ ನೇತುಬಿದ್ದಿದ್ದ. ರಿಯೊ ತಪ್ಪಿಸಿದ ಗಾಯದ ಕಾಲದ ಪ್ಲಾಸ್ಟರ್ ಕಟ್ಟನ್ನು ತಂಬೇರಿ ಮೈದಾನಕ್ಕೇ ತಂದಿದ್ದ. ಅದರ ಮೇಲೆ ಟೋಕಿಯೊ 2020 ಎಂದು ಬರೆದು, 2020ನ್ನು ಹೊಡೆದುಹಾಕಿ 2021 ಎಂದು ತಿದ್ದಲಾಗಿತ್ತು. ಕೋವಿಡ್ ಕಾರಣದಿಂದ ಪ್ರೇಕ್ಷಕರ ಆಸನಗಳು ಖಾಲಿಯಿದ್ದವು ಎಂಬುದನ್ನು ಉತ್ತರದಲ್ಲಿ ಮರೆಯದೆ ಸೇರಿಸಿ. ಜನಸಮೂಹದ ಉತ್ಸಾಹವೇ ಬಾಂಧವ್ಯವನ್ನು ಹುಟ್ಟಿಸುತ್ತದೆ ಎಂಬ ವಾದಕ್ಕೆ ಇದು ಒಳ್ಳೆಯ ಎದುರುತ್ತರ.

1936ರ ಬರ್ಲಿನ್‌ನ ಉದಾಹರಣೆಯನ್ನು ಎಲ್ಲರೂ ಬರೆಯುತ್ತಾರೆ. ಉದ್ದ ಜಿಗಿತದಲ್ಲಿ 8.06 ಮೀಟರ್ ಜಿಗಿದು ಚಿನ್ನ ಗೆದ್ದ ಅಮೆರಿಕದ ಕಪ್ಪು ವರ್ಣೀಯ ಜೆಸ್ಸಿ ಓವೆನ್ಸ್‌ನನ್ನು, ಬೆಳ್ಳಿ ಗೆದ್ದ ಜರ್ಮನಿಯ ಲುಟ್ಸ್ ಲಾಂಗ್ ನಾಜಿ ನಾಯಕರ ಕಣ್ಣೆದುರೇ ಅಭಿನಂದಿಸಿದ್ದನ್ನು ಧೈರ್ಯವಾಗಿ ಬರೆಯಬಹುದು. ಅರ್ಹತಾ ಸುತ್ತಿನಲ್ಲಿ ಲಾಂಗ್ ಸಲಹೆ ಕೊಟ್ಟು ಓವೆನ್ಸ್‌ನನ್ನು ಉಳಿಸಿದ ಎಂಬ ಕಥೆಯ ಬಗ್ಗೆ ಇತಿಹಾಸಕಾರರಿಗೇ ಅನುಮಾನವಿದೆ, ಆದ್ದರಿಂದ ನಾನು ಅದನ್ನು ಬಿಟ್ಟಿದ್ದೇನೆ.

ಹಂಚಿಕೊಳ್ಳದವರು

ಹಂಚಿಕೊಂಡರೆ ಸ್ನೇಹ, ಹಂಚಿಕೊಳ್ಳದಿದ್ದರೆ ಸ್ವಾರ್ಥ ಎಂಬ ಸುಲಭ ಸಮೀಕರಣಕ್ಕೆ 2024ರ ಪ್ಯಾರಿಸ್ ತಡೆ ಹಾಕುತ್ತದೆ. ಅಲ್ಲಿ ನ್ಯೂಜಿಲೆಂಡ್‌ನ ಹಾಮಿಶ್ ಕೆರ್ ಮತ್ತು ಅಮೆರಿಕದ ಶೆಲ್ಬಿ ಮ್ಯಾಕ್ಯೂಎನ್ 2.36ರಲ್ಲಿ ಸಮಬಲರಾದರು, ಜಂಪ್ ಆಫ್ ಆಯ್ದುಕೊಂಡರು, ಕೆಳಗಿಳಿಯುತ್ತ ಬಂದ ಪಟ್ಟಿಯನ್ನು 2.34ರಲ್ಲಿ ದಾಟಿದ ಕೆರ್ ಚಿನ್ನ ಪಡೆದ. ಇದರಲ್ಲಿ ನನಗೆ ಯಾವ ಕೊರತೆಯೂ ಕಾಣುವುದಿಲ್ಲ, ಏಕೆಂದರೆ ಜಿಗಿಯುವ ತೀರ್ಮಾನವೂ ಇಬ್ಬರೂ ಸೇರಿ ಮಾಡಿದ್ದೇ. ಅದೇ ಪ್ಯಾರಿಸ್‌ನ ಅರ್ಹತಾ ಸುತ್ತಿನಲ್ಲಿ ಬಾರ್ಶಿಮ್ ಓಡಿಬರುತ್ತಲೇ ಮೀನಖಂಡ ಹಿಡಿದುಕೊಂಡು ನೆಲಕ್ಕೆ ಕುಸಿದಾಗ, ವೈದ್ಯಕೀಯ ಸಿಬ್ಬಂದಿಗಿಂತ ಮೊದಲು ಬಂದು ಅವನ ಕಾಲನ್ನು ಹಿಡಿದವನು ತಂಬೇರಿ.