ಹಸುವಿಗೆ ವಿಮೆ: ಪ್ರೀಮಿಯಂ ಎಷ್ಟು, ಯಾವ ಕಂಪನಿ?

ಓದುಗರ ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ), ಒಂದು ಜೆರ್ಸಿ ಹಸು ಇವೆ. ಮೂರಕ್ಕೂ ವಿಮೆ ಮಾಡಿಸಬೇಕೆಂದಿದ್ದೇವೆ. ವರ್ಷಕ್ಕೆ ಎಷ್ಟು ಬೀಳುತ್ತದೆ? ಸರ್ಕಾರಿ ಕಂಪನಿ ಒಳ್ಳೆಯದೋ ಖಾಸಗಿಯೋ?

ಉತ್ತರ: ಮೊದಲು ದುಡ್ಡಿನ ಲೆಕ್ಕ ಮುಗಿಸೋಣ. ಪ್ರೀಮಿಯಂ ಎಂದರೆ ಹಸುವಿಗೆ ಕಟ್ಟಿದ ಬೆಲೆಯ ಮೇಲೆ ಇಂತಿಷ್ಟು ಶೇಕಡಾ. ದರ ಕಂಪನಿಯಿಂದ ಕಂಪನಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಲೆಕ್ಕಕ್ಕೆಂದು ಶೇ 4 ಎಂದಿಟ್ಟುಕೊಳ್ಳಿ. 70,000 ರೂಪಾಯಿಯ ಹಸುವಿಗೆ ವರ್ಷಕ್ಕೆ 2,800 ರೂಪಾಯಿ ಆಯಿತು. ಪೂರ್ತಿ ನಿಮ್ಮ ಕೈಯಿಂದಲೇ ಕಟ್ಟಿದರೆ ಮೂರು ಹಸುವಿಗೆ 8,400.

ಸಹಾಯಧನದಲ್ಲಿ ಮಾಡಿಸಿದರೆ ಚಿತ್ರವೇ ಬೇರೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಜಾನುವಾರು ಮಿಷನ್ ಯೋಜನೆಯಡಿ ಮೊದಲು ರೈತರ ಪಾಲು ವರ್ಗಕ್ಕೆ ತಕ್ಕಂತೆ ಶೇ 20ರಿಂದ 50ರವರೆಗೆ ಇತ್ತು. 2024ರ ಫೆಬ್ರುವರಿಯಲ್ಲಿ ಅದನ್ನು ಎಲ್ಲರಿಗೂ ಶೇ 15ಕ್ಕೆ ಇಳಿಸಿದರು. ಉಳಿದ ಶೇ 85ನ್ನು ಕೇಂದ್ರ, ರಾಜ್ಯಗಳು 60:40ರಂತೆ ಹಂಚಿಕೊಳ್ಳುತ್ತವೆ. ಅಂದರೆ ಆ 2,800ರಲ್ಲಿ ನೀವು ಕಟ್ಟುವುದು 420 ರೂಪಾಯಿ, ಮೂರು ಹಸುವಿಗೆ 1,260. ದೊಡ್ಡ ಪ್ರಾಣಿ ಒಂದಾದರೆ ಒಂದು ಘಟಕ, ಕುರಿ ಮೇಕೆ ಹತ್ತಾದರೆ ಒಂದು ಘಟಕ. ಒಂದು ಕುಟುಂಬಕ್ಕೆ ಹತ್ತು ಘಟಕದವರೆಗೆ ಅವಕಾಶವಿದೆ. ಕುದುರೆ, ಕತ್ತೆ, ಹೇಸರಗತ್ತೆ ಸಾಕುವವರಿಗೂ ಇದೇ ಯೋಜನೆ ಅನ್ವಯಿಸುತ್ತದೆ, ಅದು ಹೆಚ್ಚಿನವರಿಗೆ ಗೊತ್ತಿಲ್ಲ.

ತೊಡಕು ಒಂದೇ: ಅನುದಾನ ಬಂದಾಗ ಮಾತ್ರ ಬಾಗಿಲು ತೆರೆದಿರುತ್ತದೆ. ನಿಮ್ಮ ಪಶು ಆಸ್ಪತ್ರೆಯಲ್ಲಿ ಹೆಸರು ಬರೆಸಿಟ್ಟು ಆಗಾಗ ವಿಚಾರಿಸುತ್ತಿರಿ. ಡೇರಿಗೆ ಹಾಲು ಹಾಕುವವರಾದರೆ ಕಾರ್ಯದರ್ಶಿಯನ್ನೂ ಕೇಳಿ. ಜಿಲ್ಲಾ ಹಾಲು ಒಕ್ಕೂಟಗಳು ಸದಸ್ಯರ ರಾಸುಗಳಿಗೆ ಗುಂಪು ವಿಮೆ ಮಾಡಿಸಿ ಪ್ರೀಮಿಯಂನ ಒಂದು ಪಾಲನ್ನು ತಾವೇ ಭರಿಸುವುದುಂಟು.

ಇಲ್ಲಿಯೇ ನಿಮ್ಮ ಎರಡನೇ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಸಹಾಯಧನದ ವಿಮೆಯಲ್ಲಾಗಲಿ ಒಕ್ಕೂಟದ ವಿಮೆಯಲ್ಲಾಗಲಿ ಕಂಪನಿಯನ್ನು ಆರಿಸುವುದು ನೀವಲ್ಲ, ಮೇಲೆ ಟೆಂಡರಿನಲ್ಲೋ ಮಾತುಕತೆಯಲ್ಲೋ ಅದು ತೀರ್ಮಾನವಾಗಿರುತ್ತದೆ. ಪೂರ್ತಿ ಸ್ವಂತ ದುಡ್ಡು ಹಾಕುವಾಗ ಮಾತ್ರ ಆಯ್ಕೆ ನಿಮ್ಮದು. ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ಓರಿಯೆಂಟಲ್, ನ್ಯಾಷನಲ್ ಈ ನಾಲ್ಕು ಸರ್ಕಾರಿ ಕಂಪನಿಗಳಲ್ಲಿ ಜಾನುವಾರು ವಿಮೆ ಮೊದಲಿನಿಂದಲೂ ಇದೆ. ಇಫ್ಕೋ ಟೋಕಿಯೋದಂಥ ಬೇರೆ ಕಂಪನಿಗಳೂ ಮಾಡುತ್ತವೆ.

ಸರ್ಕಾರಿಯೋ ಖಾಸಗಿಯೋ ಎನ್ನುವುದಕ್ಕಿಂತ ಹಸು ಸತ್ತ ದಿನ ಯಾರು ಬರುತ್ತಾರೆ ಎನ್ನುವುದೇ ಮುಖ್ಯ. ದುಡ್ಡು ಕಟ್ಟುವ ಮೊದಲು ಇವನ್ನು ಕೇಳಿ: ನಿಮ್ಮ ಕಚೇರಿ ಯಾವ ಊರಲ್ಲಿದೆ? ಭಾನುವಾರ ಸತ್ತರೆ ಯಾವ ನಂಬರಿಗೆ ತಿಳಿಸಬೇಕು? ಸ್ಥಳ ನೋಡಲು ನಿಮ್ಮವರು ಬರಲೇಬೇಕೋ, ವೈದ್ಯರ ಮರಣೋತ್ತರ ವರದಿ ಮತ್ತು ಫೋಟೊ ಸಾಕೋ? ಬರಲೇಬೇಕು ಎನ್ನುವ ಕಂಪನಿಯ ಜನ ನೂರು ಕಿಲೋಮೀಟರ್ ದೂರದಲ್ಲಿದ್ದರೆ ಅವರು ತಲುಪುವಷ್ಟರಲ್ಲಿ ಹೆಣ ಕೊಳೆತಿರುತ್ತದೆ. ಇನ್ನೂರು ರೂಪಾಯಿ ಕಡಿಮೆ ಎಂದು ಅಂಥ ಕಂಪನಿಗೆ ಹೋಗಬೇಡಿ. ಊರಿನಲ್ಲಿ ಕಳೆದ ವರ್ಷ ಹಸು ಕಳೆದುಕೊಂಡವರಿದ್ದರೆ ದುಡ್ಡು ಎಷ್ಟು ದಿನಕ್ಕೆ ಬಂತು, ಎಷ್ಟು ಮುರಿದುಕೊಂಡರು ಎಂದು ವಿಚಾರಿಸಿ. ಏಜೆಂಟನ ಮಾತಿಗಿಂತ ಅದೇ ಗಟ್ಟಿ.

ಇನ್ನು ಹಸುವಿಗೆ ಬೆಲೆ ಕಟ್ಟುವ ವಿಷಯ. ಬೆಲೆಯನ್ನು ನೀವು, ಪಶುವೈದ್ಯರು, ಕಂಪನಿಯವರು ಸೇರಿ ತೀರ್ಮಾನಿಸಬೇಕು. ಮಿಷನ್‌ನ ಆರಂಭದ ಮಾರ್ಗಸೂಚಿಯಲ್ಲಿ ಕನಿಷ್ಠ ಬೆಲೆಯ ಲೆಕ್ಕ ಹೀಗಿತ್ತು: ದಿನಕ್ಕೆ ಕೊಡುವ ಪ್ರತಿ ಲೀಟರ್ ಹಾಲಿಗೆ ಹಸುವಾದರೆ 3,000, ಎಮ್ಮೆಯಾದರೆ 4,000 ರೂಪಾಯಿ. ಆ ಲೆಕ್ಕದಲ್ಲಿ 12 ಲೀಟರಿನ ಹಸುವಿಗೆ 36,000 ಆಗುತ್ತದೆ. ಅದು ಕನಿಷ್ಠ ಮಾತ್ರ. ಸಂತೆಯಲ್ಲಿ ಅದೇ ಹಸು 70,000ಕ್ಕೆ ಹೋಗುವುದಾದರೆ ಸಂತೆಯ ಬೆಲೆ ಹಾಕಿ ಎಂದು ಕೇಳಬೇಕು. ಡೇರಿಯ ಹಾಲಿನ ಪುಸ್ತಕ, ಕೊಂಡ ರಸೀದಿ ಇದ್ದರೆ ಮುಂದಿಡಿ. ಪ್ರೀಮಿಯಂ ಉಳಿಸಲು ಬೆಲೆ ಇಳಿಸಿ ಬರೆಸುವವರು ಸಹಾಯಧನದ ವಿಮೆಯಲ್ಲಿ ಉಳಿಸುವುದು ನೂರಿನ್ನೂರು, ಕಳೆದುಕೊಳ್ಳುವುದು ಮೂವತ್ತು ಸಾವಿರ. ಹಾಗೆಂದು ಹೆಚ್ಚು ಬರೆಸಿದರೂ ಲಾಭವಿಲ್ಲ. ವಿಮಾ ಮೊತ್ತ ಮತ್ತು ಸಾಯುವ ಮುಂಚಿನ ಮಾರುಕಟ್ಟೆ ಬೆಲೆ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಕೊಡುತ್ತೇವೆ ಎಂದು ಪಾಲಿಸಿಗಳಲ್ಲಿ ಬರೆದಿರುತ್ತದೆ.

ಮೂರು ವರ್ಷದ ಪಾಲಿಸಿಗೆ ಸಾಮಾನ್ಯವಾಗಿ ಒಂದು ವರ್ಷದ ಮೂರರಷ್ಟು ಕೊಡಬೇಕಿಲ್ಲ, ಎರಡೂವರೆಯಷ್ಟಾದರೆ ಸಾಕಾಗುತ್ತದೆ. ಪ್ರತಿ ವರ್ಷ ನವೀಕರಿಸುವ ಗೋಜೂ ಇಲ್ಲ. ಪಾಲಿಸಿ ನಡುವೆ ನಿಂತು ಮತ್ತೆ ಮಾಡಿಸಿದರೆ ಮೊದಲ 15 ದಿನ ರೋಗದಿಂದಾದ ಸಾವಿಗೆ ಪರಿಹಾರ ಸಿಗದೆ ಹೋಗಬಹುದು. ಹೊಸ ಪಾಲಿಸಿಗೆ ಸಾಮಾನ್ಯವಾಗಿ ಹಾಕುವ ಷರತ್ತು ಅದು. ಆದ್ದರಿಂದ ಮೊದಲ ಎರಡು ಕರುವಿನ ವಯಸ್ಸಿನ ಹಸುವಿಗೆ ಮೂರು ವರ್ಷದ್ದೇ ಸರಿ.

ಈಗ ಕಿವಿ ಓಲೆ, ಅಂದರೆ ಗುರುತಿಗೆಂದು ಹಸುವಿನ ಕಿವಿಗೆ ಚುಚ್ಚುವ ನಂಬರಿನ ಬಿಲ್ಲೆ. ಕ್ಲೇಮುಗಳು ಹೆಚ್ಚಾಗಿ ಬಿದ್ದುಹೋಗುವುದು ಇಲ್ಲಿ. ಓಲೆ ಇಲ್ಲದಿದ್ದರೆ ದುಡ್ಡಿಲ್ಲ, ಅಷ್ಟೇ. 12 ಅಂಕಿಯ ಹಳದಿ ಓಲೆಯನ್ನು ಕಿವಿಯ ನಡುಭಾಗದಲ್ಲಿ, ಎರಡು ಎಲುಬಿನಂಥ ಗೆರೆಗಳ ಮಧ್ಯೆ, ರಕ್ತನಾಳ ತಪ್ಪಿಸಿ ಚುಚ್ಚಬೇಕು. ಅಂಚಿಗೆ ಚುಚ್ಚಿದ ಓಲೆ ಗೊಂತಿಗೋ ಬೇಲಿಗೋ ಸಿಕ್ಕಿ ಕಿವಿ ಹರಿದು ಬಿದ್ದುಹೋಗುತ್ತದೆ. ಚುಚ್ಚಿದ ಮೇಲೆ ಅಯೋಡಿನ್ ಹಚ್ಚಿ, ಮಳೆಗಾಲವಾದರೆ ನೊಣ ಕೂರದಂತೆ ವಾರವಿಡೀ ನೋಡಿಕೊಳ್ಳಿ. ಹುಳ ಬಿದ್ದರೆ ಓಲೆಯೂ ಉಳಿಯುವುದಿಲ್ಲ. ಪಾಲಿಸಿ ಕೈಗೆ ಬಂದ ದಿನವೇ ಕೊಟ್ಟಿಗೆಗೆ ಹೋಗಿ, ಒಬ್ಬರು ಓಲೆಯ ಅಂಕಿ ಓದಿ, ಇನ್ನೊಬ್ಬರು ಕಾಗದದಲ್ಲಿ ನೋಡಿ. 6 ಇದ್ದಲ್ಲಿ 8 ಅಂತ ಬರೆದಿದ್ದರೂ ಅವತ್ತೇ ಲಿಖಿತವಾಗಿ ತಿದ್ದಿಸಿ. ಸತ್ತ ಮೇಲೆ ಆ ಒಂದು ಅಂಕಿ ಯಾರೂ ತಿದ್ದಿಕೊಡುವುದಿಲ್ಲ. ಓಲೆ ಬಿದ್ದುಹೋದರೆ ಕೂಡಲೇ ವೈದ್ಯರಿಗೂ ಕಂಪನಿಗೂ ತಿಳಿಸಿ, ಹೊಸ ಓಲೆ ಹಾಕಿಸಿ, ಹೊಸ ನಂಬರನ್ನು ಪಾಲಿಸಿಗೆ ಸೇರಿಸಿದ ಪತ್ರ ತೆಗೆದುಕೊಳ್ಳಿ.

ರೋಗ, ಅಪಘಾತ, ಹಾವು ಕಡಿತ, ಸಿಡಿಲು, ನೆರೆ, ಬೆಂಕಿ, ಹೆರಿಗೆಯ ತೊಂದರೆ ಇವುಗಳಿಂದಾದ ಸಾವಿಗೆ ಪರಿಹಾರವಿದೆ. ಕಳ್ಳತನಕ್ಕೆ, ಕಾಣೆಯಾದದ್ದಕ್ಕೆ, ಪಾಲಿಸಿಗೆ ಮುಂಚೆಯೇ ಇದ್ದ ಕಾಯಿಲೆಗೆ ಇಲ್ಲ. ಗಳಲೆ, ಚಪ್ಪೆ, ಕಾಲುಬಾಯಿ ರೋಗದಿಂದ ಸತ್ತಾಗ ಲಸಿಕೆ ಹಾಕಿಸಿದ ದಾಖಲೆ ಕೇಳುತ್ತಾರೆ. ಸಾಯದೆ, ಶಾಶ್ವತವಾಗಿ ಗಬ್ಬ ನಿಲ್ಲದೆ ಅಥವಾ ಹಾಲು ಬತ್ತಿ ಹೋದರೆ ವಿಮಾ ಮೊತ್ತದ ಶೇ 75 ಕೊಡುವ ಸೌಲಭ್ಯ ಹಲವು ಪಾಲಿಸಿಗಳಲ್ಲಿದೆ, ಆದರೆ ಅದಕ್ಕೆ ಹೆಚ್ಚುವರಿ ಪ್ರೀಮಿಯಂ ಕಟ್ಟಿರಬೇಕು. ಎಚ್‌ಎಫ್ ಸಾಕುವವರು ಇದನ್ನು ಬಿಡಬಾರದು. ಕೆಚ್ಚಲು ಬಾವಿನಿಂದ ಮೊಲೆ ಕಳೆದುಕೊಂಡ ಹಸು ಸಾಯುವುದಿಲ್ಲ, ಸಂಸಾರವನ್ನೂ ಸಾಕುವುದಿಲ್ಲ. ಮೊಲೆ ಒಂದೋ ಎರಡೋ ಕೆಟ್ಟರೆ ಅದನ್ನು ಪೂರ್ಣ ನಷ್ಟ ಎನ್ನುತ್ತಾರೋ ಇಲ್ಲವೋ ಎಂಬುದನ್ನು ಮಾತ್ರ ಮೊದಲೇ ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ.

ಹಸು ಸತ್ತರೆ ಕಿವಿಗೆ ಕೈ ಹಾಕಬೇಡಿ. ಓಲೆ ಕತ್ತರಿಸುವುದು ವೈದ್ಯರ ಕೆಲಸ. ಮೊದಲು ವೈದ್ಯರಿಗೆ, ಆಮೇಲೆ ಕಂಪನಿಗೆ ಫೋನ್ ಮಾಡಿ, ಅದನ್ನೇ ವಾಟ್ಸ್ಆ್ಯಪಿನಲ್ಲೋ ಇಮೇಲಿನಲ್ಲೋ ಬರೆದು ಕಳಿಸಿ, ದಿನ ಮತ್ತು ಹೊತ್ತಿಗೆ ಸಾಕ್ಷಿ ಇರಲಿ. ಎರಡೂ ಮಗ್ಗುಲಿನ ಫೋಟೊ, ಓಲೆಯ ಅಂಕಿ ಕಾಣುವಂತೆ ಮುಖದ ಫೋಟೊ, ಮಾಲೀಕರು ಪಕ್ಕದಲ್ಲಿ ನಿಂತ ಫೋಟೊ ತೆಗೆಯಿರಿ. ಹೆಣವನ್ನು ನೆರಳಲ್ಲಿಡಿ. ಮರಣೋತ್ತರ ಪರೀಕ್ಷೆ ಆಗುವವರೆಗೆ ಹೂಳಬೇಡಿ. ವರದಿಯಲ್ಲಿ ಓಲೆ ನಂಬರ್, ಸತ್ತ ಹೊತ್ತು, ಸಾವಿನ ಕಾರಣ ಮೂರೂ ಇವೆಯೇ ನೋಡಿ. ಬರೀ ‘ಹೃದಯ ನಿಂತಿತು’ ಎಂದಿದ್ದರೆ ಕಂಪನಿ ತಕರಾರು ತೆಗೆಯುತ್ತದೆ, ಯಾವ ರೋಗದಿಂದ ಎಂದು ಬರೆಯಬೇಕು. ಕಾಯಿಲೆ ಬಿದ್ದಾಗಿನ ಔಷಧಿ ಚೀಟಿಗಳನ್ನೂ ಲಗತ್ತಿಸಿ. ವಿದ್ಯುತ್ ತಗುಲಿ ಸತ್ತಿದ್ದರೆ ಬೆಸ್ಕಾಂ, ಹೆಸ್ಕಾಂ ಯಾವುದೋ ಆ ಕಚೇರಿಗೂ ಪೊಲೀಸರಿಗೂ ತಿಳಿಸಿ ಪತ್ರ ಪಡೆಯಿರಿ.

ಒಂದು ಎಚ್ಚರಿಕೆ. ದಿಢೀರನೆ ಸತ್ತು, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರುತ್ತಿದ್ದರೆ ಅದು ಅಂಥ್ರಾಕ್ಸ್ ಇರಬಹುದು. ಅಂಥ ಹೆಣವನ್ನು ಕೊಯ್ಯುವಂತಿಲ್ಲ. ಕೊಯ್ದರೆ ಗಾಳಿ ತಾಗಿ ರೋಗಾಣು ಬೀಜಕವಾಗಿ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಮನುಷ್ಯರಿಗೂ ತಗುಲುತ್ತದೆ. ವೈದ್ಯರು ಕಿವಿಯ ರಕ್ತನಾಳದಿಂದ ರಕ್ತ ತೆಗೆದು, ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಲೇಪನ ಮಾಡಿ ಪರೀಕ್ಷೆಗೆ ಕಳಿಸುತ್ತಾರೆ. ಮರಣೋತ್ತರ ಪರೀಕ್ಷೆ ಏಕೆ ಮಾಡಲಿಲ್ಲ ಎಂದು ಅವರಿಂದಲೇ ಬರೆಸಿಕೊಂಡು ಆ ಪತ್ರವನ್ನು ಲೇಪನದ ವರದಿಯ ಜೊತೆ ಕಂಪನಿಗೆ ಕೊಡಿ.

ಸಾಲದ ಹಸುವಾದರೆ ಪರಿಹಾರ ಮೊದಲು ಬ್ಯಾಂಕಿಗೆ ಹೋಗುತ್ತದೆ, ಪಾಲಿಸಿಯೂ ಅಲ್ಲೇ ಇರುತ್ತದೆ. ಪ್ರತಿ ತೆಗೆದಿಟ್ಟುಕೊಳ್ಳಿ, ಮುಗಿಯುವ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಹಸು ಮಾರಿದರೆ ಉಳಿದ ಅವಧಿಯ ವಿಮೆಯನ್ನು ಕೊಂಡವರ ಹೆಸರಿಗೆ ಮಾಡಿಸಬಹುದು.

ಮಿಷನ್ ಯೋಜನೆಯಲ್ಲಿ ಸಾವಿನ ಮಾಹಿತಿ ಪತ್ರ, ಪಾಲಿಸಿ, ಕ್ಲೇಮು ಅರ್ಜಿ, ಮರಣೋತ್ತರ ವರದಿ ಈ ನಾಲ್ಕೇ ದಾಖಲೆ ಸಾಕು. ಕೊಟ್ಟ 15 ದಿನದೊಳಗೆ ಇತ್ಯರ್ಥವಾಗಬೇಕು, ತಡವಾದರೆ ಶೇ 12 ಚಕ್ರಬಡ್ಡಿ ಎಂದು ಮಾರ್ಗಸೂಚಿ ಹೇಳುತ್ತದೆ. ಐದನೇ ಕಾಗದ ಕೇಳಿದರೆ ಯಾವ ನಿಯಮದಡಿ ಎಂದು ಬರೆದು ಕೊಡಲು ಹೇಳಿ. ಯಾವುದೇ ಕಂಪನಿ ಕ್ಲೇಮು ತಿರಸ್ಕರಿಸಿದರೆ ಮೊದಲು ಅದರ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರೂ ಬೇಡ.