ಒಂದೇ ಫೈಲಿನ ಡೇಟಾಬೇಸ್: ಜಾವಾಸ್ಕ್ರಿಪ್ಟ್ ಸುತ್ತಿ ಬಂದ ದಾರಿ

ಸಣ್ಣ ಆ್ಯಪ್ ಬರೆಯುವಾಗ ನಮ್ಮಲ್ಲಿ ಬಹಳ ಜನ ಶುರು ಮಾಡುವುದು ಡೇಟಾವನ್ನು ಸರಳ ಪಠ್ಯವಾಗಿ ಇಡುವ ಒಂದು ಜೆಸನ್ ಫೈಲಿನಿಂದ. ಫೈಲನ್ನು ಪೂರ್ತಿ ಓದು, ಬೇಕಾದ್ದನ್ನು ಸೇರಿಸು, ಮತ್ತೆ ಪೂರ್ತಿ ಬರೆ. ಸರ್ವರ್ ಬೇಡ, ಪಾಸ್‌ವರ್ಡ್ ಬೇಡ. ನಾನೂ ಎಷ್ಟೋ ಸಲ ಹೀಗೇ ಮಾಡಿದ್ದೇನೆ.

ಪೆಟ್ಟು ಬೀಳುವುದು ಆಮೇಲೆ. ಇಬ್ಬರು ಒಂದೇ ಹೊತ್ತಿಗೆ ಸೇವ್ ಒತ್ತುತ್ತಾರೆ ಅಂದುಕೊಳ್ಳಿ. ಮೊದಲನೆಯವರಿಗಾಗಿ ಪ್ರೋಗ್ರಾಮ್ ಫೈಲ್ ಓದುತ್ತದೆ, 41 ದಾಖಲೆ. ಅದು ಬರೆದು ಮುಗಿಯುವ ಮೊದಲೇ ಎರಡನೆಯವರಿಗಾಗಿ ಓದುತ್ತದೆ, ಆಗಲೂ 41. ಇಬ್ಬರ ಹೆಸರಲ್ಲೂ ಒಂದೊಂದು ಸೇರುತ್ತದೆ. ಕೊನೆಗೆ ಫೈಲಿನಲ್ಲಿ ಉಳಿಯುವುದು 42. ಇರಬೇಕಾದ್ದು 43 ಅಲ್ವಾ? ಎರರ್ ಮಾತ್ರ ಒಂದೂ ಬರುವುದಿಲ್ಲ. ಬರೆಯುತ್ತಿರುವಾಗಲೇ ಕರೆಂಟ್ ಹೋದರಂತೂ ಸಿಗುವುದು ಅರ್ಧ ಫೈಲ್. ಅದನ್ನು ಓದಲಾಗದೆ ಆ್ಯಪ್ ಏಳುವುದೇ ಇಲ್ಲ.

ಇದಕ್ಕೆ ಮದ್ದು, ಜಾವಾಸ್ಕ್ರಿಪ್ಟನ್ನು ಬ್ರೌಸರಿನ ಹೊರಗೂ ಓಡಿಸುವ ನೋಡ್ ಹುಟ್ಟುವ ಮೊದಲೇ ಇತ್ತು. ರಿಚರ್ಡ್ ಹಿಪ್ ಅಮೆರಿಕದ ಯುದ್ಧನೌಕೆಯೊಂದರ ಸಾಫ್ಟ್‌ವೇರ್ ಮೇಲೆ ಕೆಲಸ ಮಾಡುತ್ತಿದ್ದರು. ಅದರ ಹಿಂದೆ ಇನ್‌ಫಾರ್ಮಿಕ್ಸ್ ಡೇಟಾಬೇಸ್ ಸರ್ವರ್. ಸರ್ವರ್ ಬಿದ್ದರೆ ಅವರ ಪ್ರೋಗ್ರಾಮೂ ಸುಮ್ನೆ ಕೂರುತ್ತಿತ್ತು. ಡೇಟಾ ಓದಲು ನಡುವೆ ಸರ್ವರ್ ಯಾಕೆ ಬೇಕು, ಡಿಸ್ಕಿನಿಂದ ನೇರವಾಗಿ ಓದಬಾರದೇ ಎಂಬ ಪ್ರಶ್ನೆಯಿಂದ 2000ದಲ್ಲಿ ಎಸ್‌ಕ್ಯೂಲೈಟ್ ಹುಟ್ಟಿತು. ಡೇಟಾಬೇಸ್ ಅಂದರೆ ಒಂದು ಫೈಲ್. ಅದನ್ನು ಓದುವ ಕೋಡ್ ನಮ್ಮ ಪ್ರೋಗ್ರಾಮಿನ ಒಳಗೇ ಇರುತ್ತದೆ.

ಜಾವಾಸ್ಕ್ರಿಪ್ಟಿಗೆ ಅದು ಬಂದ ಒಂದು ದಾರಿ ಬ್ರೌಸರ್, ವೆಬ್ ಎಸ್‌ಕ್ಯೂಎಲ್ ಎಂಬ ಹೆಸರಲ್ಲಿ. ಆದರೆ ಅದನ್ನು ಅಳವಡಿಸಿದ ಎಲ್ಲರೂ ಒಳಗೆ ಬಳಸಿದ್ದು ಎಸ್‌ಕ್ಯೂಲೈಟನ್ನೇ. ಬೇರೆಬೇರೆಯಾಗಿ ಬರೆದ ಕೋಡ್ ಇಲ್ಲದೆ ಸ್ಟ್ಯಾಂಡರ್ಡ್ ಮಾಡಲಾಗದು ಎಂದು ವೆಬ್ ಸ್ಟ್ಯಾಂಡರ್ಡ್‌ಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯು3ಸಿ 2010ರಲ್ಲಿ ಅದನ್ನು ಕೈಬಿಟ್ಟಿತು. ಬದಲಿಗೆ ಬಂದದ್ದು ಬ್ರೌಸರಿನೊಳಗೇ ಡೇಟಾ ಇಡುವ ಇಂಡೆಕ್ಸ್ಡ್‌ಡಿಬಿ. ಫೈರ್‌ಫಾಕ್ಸ್ ಆ ಡೇಟಾವನ್ನೂ ಎಸ್‌ಕ್ಯೂಲೈಟ್ ಫೈಲಿನಲ್ಲೇ ಇಡುತ್ತದೆ!

ಸರ್ವರ್ ಕಡೆಯ ಕಥೆ ಬೇರೆ. 2009ರಲ್ಲಿ ಬಂದ ನೋಡ್ ಕಲಿಸಿದ ಮೊದಲ ಪಾಠವೇ ಯಾವುದಕ್ಕೂ ಕಾಯಬೇಡ ಎಂಬುದು. ಹಾಗಾಗಿ ಎಸ್‌ಕ್ಯೂಲೈಟಿನ ಹಳೆಯ ಪ್ಯಾಕೇಜೂ ಪ್ರತಿ ಕ್ವೆರಿಗೆ, ಅಂದರೆ ಡೇಟಾಬೇಸಿಗೆ ಹಾಕುವ ಪ್ರಶ್ನೆಗೆ, ಕಾಲ್‌ಬ್ಯಾಕ್ (ಉತ್ತರ ಬಂದ ಮೇಲೆ ಓಡಬೇಕಾದ ಫಂಕ್ಷನ್) ಕೇಳುತ್ತಿತ್ತು. ಅದು ಸಿ++ ಕೋಡ್ ಬೇರೆ. ಕಂಪೈಲ್ ಆಗದೆ ಇನ್‌ಸ್ಟಾಲ್ ಅರ್ಧಕ್ಕೆ ನಿಂತದ್ದನ್ನು ನೋಡಿದವರಿಗೆ ಆ ತಲೆನೋವು ಗೊತ್ತು.

ಆ ತಲೆನೋವು ಬೇಡವೆಂದವರಿಗೆ ಪೂರ್ತಿ ಜಾವಾಸ್ಕ್ರಿಪ್ಟಿನಲ್ಲೇ ಬರೆದ ಲೋಡಿಬಿ, ನೆಡಿಬಿ ಎಂಬ ಪುಟ್ಟ ಡೇಟಾಬೇಸುಗಳು ಸಿಕ್ಕವು. ನೆಡಿಬಿಯ ಫೈಲನ್ನು ಒಮ್ಮೆ ತೆರೆದು ನೋಡಬೇಕು. ಸಾಲಿಗೊಂದು ದಾಖಲೆ. ದಾಖಲೆ ಬದಲಾದರೆ ಹಳೆಯ ಸಾಲನ್ನು ಮುಟ್ಟುವುದಿಲ್ಲ, ಕೊನೆಯಲ್ಲಿ ಹೊಸ ಸಾಲು ಸೇರುತ್ತದೆ. ಅಳಿಸಿದರೂ ಅಷ್ಟೇ, ಇದು ಅಳಿಸಿದ್ದು ಎಂಬ ಇನ್ನೊಂದು ಸಾಲು. ತೆರೆಯುವಾಗ ಪ್ರತಿ ಐಡಿಯ ಕೊನೆಯ ಸಾಲೇ ಲೆಕ್ಕಕ್ಕೆ. ಚೆಂದದ ಉಪಾಯ. ಆದರೆ ಡೇಟಾ ಪೂರ್ತಿ ಮೆಮೊರಿಯಲ್ಲಿ ಇರಬೇಕು, ಅದೇ ಅದರ ಮಿತಿ.

ದಿಕ್ಕು ಬದಲಾಯಿಸಿದ್ದು 2016ರಲ್ಲಿ ಬಂದ ಬೆಟರ್-ಎಸ್‌ಕ್ಯೂಲೈಟ್3 ಎಂಬ ನೋಡ್ ಪ್ಯಾಕೇಜ್. ಕಾಲ್‌ಬ್ಯಾಕ್ ಇಲ್ಲ, ಪ್ರಾಮಿಸ್ (ಉತ್ತರ ಆಮೇಲೆ ಕೊಡುತ್ತೇನೆ ಎಂಬ ಚೀಟಿ) ಇಲ್ಲ. ಫಂಕ್ಷನ್ ಕರೆದರೆ ಉತ್ತರ ಕೈಗೆ ಬರುತ್ತದೆ. ಹಲವರಿಗೆ ಇದು ನೋಡ್‌ನ ನಿಯಮ ಮುರಿದಂತೆ ಕಂಡಿತು. ನನಗೆ ಇದೇ ಸರಿ ಅನಿಸುತ್ತದೆ. ಕಾಯಬಾರದು ಎಂಬ ಪಾಠ ಇದ್ದದ್ದು ನೆಟ್‌ವರ್ಕಿನ ಆಚೆ ಇರುವ ಸರ್ವರಿಗಾಗಿ. ಇಲ್ಲಿ ಆಚೆ ಯಾರೂ ಇಲ್ಲ. ಇಂಡೆಕ್ಸ್ ಇರುವ ಸಣ್ಣ ಕ್ವೆರಿ ಎಷ್ಟು ಬೇಗ ಮುಗಿಯುತ್ತದೆ ಅಂದರೆ, ಅದನ್ನು ಬೇರೆ ಥ್ರೆಡ್ಡಿಗೆ ಕಳಿಸಿ ಕರೆಸುವ ಖರ್ಚೇ ಜಾಸ್ತಿ.

ಎಸ್‌ಕ್ಯೂಲೈಟಿನಲ್ಲಿ ಒಂದು ಹೊತ್ತಿಗೆ ಬರೆಯಲು ಒಬ್ಬರಿಗೆ ಮಾತ್ರ ಅವಕಾಶ. 2010ರಲ್ಲಿ ವಾಲ್ (ರೈಟ್-ಅಹೆಡ್ ಲಾಗ್) ಮೋಡ್ ಬಂದ ಮೇಲೆ, ಒಬ್ಬರು ಬರೆಯುತ್ತಿದ್ದರೂ ಉಳಿದವರು ಓದಬಹುದು. ಆದರೆ ಆ ಮೋಡಿನಲ್ಲಿ ಹೊಸ ಬದಲಾವಣೆ ಮೊದಲು ಪಕ್ಕದ ವಾಲ್ ಫೈಲಿಗೆ ಹೋಗುತ್ತದೆ. ಆ್ಯಪ್ ಓಡುತ್ತಿರುವಾಗ ಮುಖ್ಯ ಫೈಲನ್ನಷ್ಟೇ ಕಾಪಿ ಮಾಡಿ ಬ್ಯಾಕಪ್ ಅಂದುಕೊಂಡರೆ ಇತ್ತೀಚಿನ ಡೇಟಾ ಹೋದಂತೆಯೇ.

2022ರಲ್ಲಿ, ನೋಡ್‌ನಂತೆಯೇ ಜಾವಾಸ್ಕ್ರಿಪ್ಟ್ ಓಡಿಸುವ ಬನ್ ತನ್ನೊಳಗೇ ಎಸ್‌ಕ್ಯೂಲೈಟ್ ಇಟ್ಟುಕೊಂಡು ಬಂತು. ಅದೇ ವರ್ಷ ಎಸ್‌ಕ್ಯೂಲೈಟ್ ತಂಡವೇ ಬ್ರೌಸರಿಗಾಗಿ ವೆಬ್‌ಅಸೆಂಬ್ಲಿ ರೂಪ ಕೊಟ್ಟಿತು. 2024ರ ಜುಲೈಯಲ್ಲಿ ನೋಡ್ 22.5 ಕೂಡ ಅದನ್ನು ಒಳಗೆ ಸೇರಿಸಿಕೊಂಡಿತು. ಬೇರೆ ಪ್ಯಾಕೇಜ್ ಬೇಡ, ಕಂಪೈಲ್ ಗೋಳೂ ಇಲ್ಲ. ಯಾವುದಕ್ಕೂ ಕಾಯಬೇಡ ಎಂದು ಕಲಿಸಿದ ನೋಡ್ ಅದರ ಕ್ಲಾಸಿಗೆ ಇಟ್ಟ ಹೆಸರು ಡೇಟಾಬೇಸ್‌ಸಿಂಕ್. ಸಿಂಕ್ ಅಂದರೆ ಉತ್ತರ ಬರುವ ತನಕ ಕಾಯುವುದು!