ಆರು ನಿಮಿಷದ ಲೋಡಿಂಗ್, ಮುಯ್ಯಿ ಪುಸ್ತಕದ ಲೆಕ್ಕ

ಜಿಟಿಎ ಆನ್‌ಲೈನ್ ಅನ್ನುವ ವಿಡಿಯೋ ಗೇಮ್ ಆಡಿದವರಿಗೆ ಅದರ ಲೋಡಿಂಗ್ ಬಗ್ಗೆ, ಅಂದರೆ ಆಟ ತೆರೆದುಕೊಳ್ಳಲು ಕಾಯುವ ಹೊತ್ತಿನ ಬಗ್ಗೆ, ಬಿಡಿಸಿ ಹೇಳಬೇಕಿಲ್ಲ. ಆಟ ಶುರು ಮಾಡಿ, ಅಡುಗೆಮನೆಗೆ ಹೋಗಿ, ಕಾಫಿ ಬೆರೆಸಿಕೊಂಡು ಬಂದರೂ ಅದು ಇನ್ನೂ ಲೋಡ್ ಆಗುತ್ತಲೇ ಇರುತ್ತಿತ್ತು. ಆ ಆಟ ಪಿಸಿಗೆ ಬಂದದ್ದು 2015ರ ಏಪ್ರಿಲ್‌ನಲ್ಲಿ. ಅಲ್ಲಿಂದ ಹೆಚ್ಚುಕಡಿಮೆ ಆರು ವರ್ಷ ಇದೊಂದು ಮುಗಿಯದ ವಾದ. ನಿನ್ನ ಹಾರ್ಡ್ ಡಿಸ್ಕ್ ಹಳೇದು, ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸು ಅನ್ನುವವರು ಒಂದು ಕಡೆ. ಹಾಕಿಸಿದೆ, ಏನೂ ಆಗಲಿಲ್ಲ ಅನ್ನುವವರು ಇನ್ನೊಂದು ಕಡೆ. ಇಂಟರ್ನೆಟ್ ಸ್ಲೋ ಅಂತ ಕೆಲವರು, ಕಂಪನಿಯವರ ಸರ್ವರ್ ಸ್ಲೋ ಅಂತ ಕೆಲವರು. ಅಷ್ಟು ದೊಡ್ಡ ಆಟ ಅಂದಮೇಲೆ ಅಷ್ಟು ಹೊತ್ತು ಆಗೋದು ಸಹಜ ಅಂತ ಸಮಾಧಾನ ಹೇಳುವವರೂ ಇದ್ದರು.

ಇದರಲ್ಲಿ ಯಾವುದೂ ಪೆದ್ದ ಮಾತಲ್ಲ. ತೊಂದರೆ ಇರುವುದೇ ಅಲ್ಲಿ. ಎಲ್ಲ ಮಾತೂ ನಿಜ ಇರಬಹುದು ಅನ್ನಿಸುವಂಥದ್ದು. ಹಾಗಿರುವಾಗ ಯಾರು ಜೋರಾಗಿ ಹೇಳುತ್ತಾರೋ ಅವರದೇ ಗೆಲುವು.

2021ರ ಫೆಬ್ರವರಿ ಕೊನೆಯಲ್ಲಿ ಒಬ್ಬ ಪ್ರೋಗ್ರಾಮರ್ ಬೇರೆ ಕೆಲಸ ಮಾಡಿದ. ವಾದಕ್ಕೆ ಇಳಿಯದೆ, ಕಂಪ್ಯೂಟರಿನ ಯಾವ ಭಾಗ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು ನೋಡುತ್ತಾ ಕೂತ. ಅವನ ಕಂಪ್ಯೂಟರೂ ಹಳೇದೇ. ಒಬ್ಬರೇ ಆಡುವ ಸ್ಟೋರಿ ಮೋಡ್‌ಗೆ ಒಂದು ನಿಮಿಷ ಹತ್ತು ಸೆಕೆಂಡ್, ಆನ್‌ಲೈನ್‌ಗೆ ಆರು ನಿಮಿಷ. ಮೊದಲ ಒಂದು ನಿಮಿಷ ಡಿಸ್ಕ್ ಕೆಲಸ ಮಾಡಿತು, ಸರಿ. ಆಮೇಲೆ ನೋಡಿದರೆ ಡಿಸ್ಕ್ ಸುಮ್ನೆ ಕೂತಿದೆ, ನೆಟ್‌ವರ್ಕ್ ಸುಮ್ನೆ, ಗ್ರಾಫಿಕ್ಸ್ ಕಾರ್ಡೂ ಸುಮ್ನೆ. ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಘಟಕಗಳಲ್ಲಿ ಒಂದೇ ಒಂದು ಕೋರ್ ನಾಲ್ಕು ನಿಮಿಷ ಬೆವರು ಸುರಿಸುತ್ತಿದೆ.

ಆರು ವರ್ಷದ ವಾದದಲ್ಲಿ ಮುಕ್ಕಾಲು ಪಾಲು ಅಲ್ಲಿಗೇ ಬಿದ್ದುಹೋಯಿತು. ಎಸ್‌ಎಸ್‌ಡಿಯೂ ಅಲ್ಲ, ಇಂಟರ್ನೆಟ್ಟೂ ಅಲ್ಲ.

ಮುಂದಿನ ಹೆಜ್ಜೆ ಪ್ರೊಫೈಲರ್. ಹೆಸರು ಕೇಳಿ ಹೆದರಬೇಕಿಲ್ಲ. ಓಡುತ್ತಿರುವ ಪ್ರೋಗ್ರಾಮನ್ನು ಕ್ಷಣಕ್ಕೊಮ್ಮೆ ತಡೆದು "ಈಗ ಎಲ್ಲಿದ್ದೀಯಪ್ಪಾ?" ಅಂತ ಕೇಳಿ, ಅದು ಹೇಳಿದ್ದನ್ನು ಬರೆದಿಟ್ಟುಕೊಳ್ಳುವ ಸಾಧನ, ಅಷ್ಟೇ. ಸಾವಿರ ಸಲ ಕೇಳಿದಾಗ ಏಳುನೂರು ಸಲ ಒಂದೇ ಜಾಗದ ಹೆಸರು ಬಂದರೆ ಕಳ್ಳ ಅಲ್ಲೇ ಇದ್ದಾನೆ. ಆಟದ ಸೋರ್ಸ್ ಕೋಡ್, ಅಂದರೆ ಬರೆದವರ ಮೂಲ ಪ್ರೋಗ್ರಾಮ್, ಅವನ ಹತ್ತಿರ ಇರಲಿಲ್ಲ. ಆದರೂ ಎರಡು ಜಾಗ ಸಿಕ್ಕಿದವು.

ಆ ಎರಡು ತಪ್ಪುಗಳನ್ನು ನಾನು ಹೊಸಬರಿಗೆ ಮುಯ್ಯಿ ಪುಸ್ತಕ ಇಟ್ಟುಕೊಂಡೇ ಹೇಳಿಕೊಡೋದು. ಮದುವೆಮನೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರಲ್ಲ, ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆಯಲು, ಆ ಪುಸ್ತಕ. ಮದುವೆ ಮುಗಿದ ಮೇಲೆ ಮನೆಯವರು ಕೂತು ಅದನ್ನು ಓದುತ್ತಾರೆ. ಅವರು ಹೀಗೆ ಓದುತ್ತಾರೆ ಅಂದುಕೊಳ್ಳಿ: ಒಂದು ಸಾಲು ಓದುವ ಮುಂಚೆ, ಅಲ್ಲಿಂದ ಪುಸ್ತಕದ ಕೊನೆಯ ಹಾಳೆಯವರೆಗೆ ಎಷ್ಟು ಅಕ್ಷರ ಇದೆ ಅಂತ ಎಣಿಸಿಬಿಡೋದು. ಎಣಿಸಿ, ಆ ಸಾಲು ಓದೋದು. ಮುಂದಿನ ಸಾಲಿಗೆ ಬಂದಾಗ ಮತ್ತೆ ಕೊನೆಯವರೆಗೆ ಎಣಿಕೆ. ಹೀಗೆ ಓದಿದರೆ ಮದುಮಗಳ ಸೀಮಂತದ ಹೊತ್ತಿಗೂ ಲೆಕ್ಕ ಮುಗಿಯೋದಿಲ್ಲ.

ಆಟ ಮಾಡುತ್ತಿದ್ದದ್ದು ಇದನ್ನೇ. ಆನ್‌ಲೈನ್‌ಗೆ ಹೋಗುವಾಗ ಅದು 10 ಎಂಬಿಯ ಒಂದು ಜೆಸನ್ ಫೈಲ್, ಅಂದರೆ ಮಾಹಿತಿಯನ್ನು ಬರೀ ಪಠ್ಯವಾಗಿ ಬರೆದಿಟ್ಟ ಫೈಲ್, ಓದುತ್ತಿತ್ತು. ಆಟದೊಳಗೆ ಕೊಳ್ಳಬಹುದಾದ ಸಾಮಾನುಗಳ ಪಟ್ಟಿಯಂಥದ್ದು, 63 ಸಾವಿರ ಬಾಬತ್ತು. ಓದಲು ಬಳಸಿದ್ದು ಸಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಎಸ್‌ಸ್ಕ್ಯಾನ್‌ಎಫ್ ಅನ್ನುವ ಫಂಕ್ಷನ್, ಅಂದರೆ ಒಂದು ಕೆಲಸಕ್ಕೆ ಅಂತ ಬರೆದಿಟ್ಟ ಕೋಡಿನ ತುಣುಕು. ಸಿ ಭಾಷೆಯಲ್ಲಿ ಒಂದು ಪಠ್ಯ ಎಷ್ಟು ಉದ್ದ ಅಂತ ಎಲ್ಲೂ ಬರೆದಿಟ್ಟಿರೋದಿಲ್ಲ. ಕೊನೆಯಲ್ಲಿ ಒಂದು ಸೊನ್ನೆ ಇರುತ್ತದೆ, ಅದು ಸಿಗುವವರೆಗೆ ಎಣಿಸುತ್ತಾ ಹೋಗಬೇಕು. ಎಸ್‌ಸ್ಕ್ಯಾನ್‌ಎಫ್ ಪ್ರತಿ ಸಲ ಒಳಗೊಳಗೇ ಆ ಎಣಿಕೆ ಮಾಡುತ್ತದೆ. ಬರೆದವರ ಕಣ್ಣಿಗೆ ಕಾಣೋದು ಒಂದೇ ಸಾಲು. ಎಣಿಕೆ ಇರೋದು ಅದರ ಹೊಟ್ಟೆಯಲ್ಲಿ.

ಎರಡನೇ ತಪ್ಪು ಇನ್ನೂ ಮಜಾ. ಒಂದು ಹೆಸರು ಓದಿದ ಮೇಲೆ, ಈ ಹೆಸರು ಮೊದಲೇ ಬಂದಿದೆಯಾ ಅಂತ ಅಲ್ಲಿಯವರೆಗೆ ಬಂದ ಎಲ್ಲ ಹೆಸರನ್ನೂ ಮೊದಲಿಂದ ನೋಡೋದು. ಎರಡನೇ ಹೆಸರಿಗೆ ಒಂದು ಸಲ, ನೂರನೆಯದಕ್ಕೆ ತೊಂಬತ್ತೊಂಬತ್ತು ಸಲ. 63 ಸಾವಿರಕ್ಕೆ ಕೂಡಿದರೆ ಸುಮಾರು 198 ಕೋಟಿ ಹೋಲಿಕೆ. ಅವನು ನೋಡಿದ ಮಟ್ಟಿಗೆ ಪಟ್ಟಿಯಲ್ಲಿ ಎರಡು ಸಲ ಬಂದ ಬಾಬತ್ತು ಒಂದೂ ಇರಲಿಲ್ಲ. ಅಂದರೆ ಆ ಕೆಲಸವೇ ಬೇಡವಾಗಿತ್ತು.

ಅವನು ಎರಡನ್ನೂ ತಾನೇ ಸರಿ ಮಾಡಿ ನೋಡಿದ. ಹೋಲಿಕೆಯನ್ನು ಮಾತ್ರ ತೆಗೆದಾಗ ಆರು ನಿಮಿಷ ಇದ್ದದ್ದು ನಾಲ್ಕೂವರೆಗೆ ಇಳಿಯಿತು. ಓದುವ ರೀತಿಯನ್ನು ಮಾತ್ರ ಬದಲಿಸಿದಾಗ 2 ನಿಮಿಷ 50 ಸೆಕೆಂಡ್. ಎರಡನ್ನೂ ಮಾಡಿದಾಗ 1 ನಿಮಿಷ 50 ಸೆಕೆಂಡ್. ಅದೇ ಹಳೇ ಕಂಪ್ಯೂಟರ್, ಅದೇ ಡಿಸ್ಕ್. ಕಂಪನಿ ಒಪ್ಪಿಕೊಂಡಿತು, ಅವನಿಗೆ 10,000 ಡಾಲರ್ ಕೊಟ್ಟಿತು, ಮಾರ್ಚ್ ಮಧ್ಯದ ಹೊತ್ತಿಗೆ ಅಪ್‌ಡೇಟ್ ಬಂತು.

ಅಲ್ಲಿಗೆ ವಾದ ನಿಂತಿತಾ? ಇಲ್ಲ, ದಿಕ್ಕು ಬದಲಿಸಿತು ಅಷ್ಟೇ. ಇಷ್ಟು ದುಡ್ಡು ಮಾಡುವ ಕಂಪನಿ, ಇಷ್ಟು ದಡ್ಡ ತಪ್ಪಾ ಅಂತ ಎಲ್ಲರೂ ನಕ್ಕರು. ಸ್ವಲ್ಪ ದಿನದಲ್ಲೇ ಇನ್ನೊಬ್ಬ ಪ್ರೋಗ್ರಾಮರ್ ತನ್ನ ಕೋಡ್ ತೆಗೆದು ನೋಡಿದರೆ, ಅದರಲ್ಲೂ ಅದೇ ಎಸ್‌ಸ್ಕ್ಯಾನ್‌ಎಫ್, ಅದೇ ಎಣಿಕೆ. ಅವನು ಮುಚ್ಚಿಡದೆ ಅದನ್ನು ಬರೆದ. ಆ ಬರಹ ಓದಿ ನನಗೆ ನಗು ಬರಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಾನು ವೆಬ್ ಕೆಲಸದವ. ಕೆಲವು ವರ್ಷದ ಹಿಂದೆ ಒಂದು ಸಂಸ್ಥೆಗೆ ಅರ್ಜಿ ತುಂಬುವ ಪೇಜ್ ಮಾಡಿಕೊಟ್ಟಿದ್ದೆವು. ಜಿಲ್ಲೆ ಆರಿಸಿದರೆ ಆ ಜಿಲ್ಲೆಯ ಊರುಗಳ ಪಟ್ಟಿ ಕನ್ನಡದಲ್ಲಿ ಬರಬೇಕು. ನಮ್ಮ ಆಫೀಸಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿತ್ತು. ಶಿರಾ ಕಡೆಯಿಂದ ಅರ್ಜಿ ತುಂಬಿಸುವ ಹುಡುಗನೊಬ್ಬ ಫೋನ್ ಮಾಡಿದ. "ಸಾರ್, ಜಿಲ್ಲೆ ಒತ್ತಿ ನಾನು ಟೀ ಕುಡ್ಕೊಂಡ್ ಬರ್ತೀನಿ ಸಾರ್. ಬಂದಾಗ ಒಂದೊಂದ್ಸಲ ಬಂದಿರುತ್ತೆ." ಉತ್ಪ್ರೇಕ್ಷೆ ಇತ್ತು, ಆದರೆ ಸುಳ್ಳಿರಲಿಲ್ಲ.

ನಮ್ಮಲ್ಲಿ ವಾದ ಶುರುವಾಯಿತು. ರಿಯಾಕ್ಟ್, ಜೆಕ್ವೆರಿ ಎರಡೂ ವೆಬ್ ಪೇಜ್ ಬರೆಯಲು ಬಳಸುವ ಸಿದ್ಧ ಸಲಕರಣೆ, ಮೊದಲನೆಯದು ಹೊಸದು, ಎರಡನೆಯದು ಹಳೇದು. ರಿಯಾಕ್ಟಿನಲ್ಲಿ ಬರೆದದ್ದೇ ತಪ್ಪು, ಇಂಥ ಸಣ್ಣ ಪೇಜಿಗೆ ಜೆಕ್ವೆರಿ ಸಾಕಿತ್ತು ಅಂದರು ನಮ್ಮ ಹಿರಿಯರೊಬ್ಬರು. ಹೊಸದಾಗಿ ಸೇರಿದ ಹುಡುಗ, ಈ ಕಾಲದಲ್ಲಿ ಯಾರು ಸಾರ್ ಜೆಕ್ವೆರಿ ಬಳಸ್ತಾರೆ ಅಂತ ಮುಖ ಹುಳ್ಳಗೆ ಮಾಡಿದ. ಸರ್ವರ್ ದೊಡ್ಡದು ಮಾಡೋಣ ಅಂತ ಇನ್ನೊಬ್ಬರು. ಅವರ ಫೋನೇ ಡಬ್ಬಾ, ನಾವೇನು ಮಾಡೋಕಾಗುತ್ತೆ ಅಂದದ್ದು ನಾನು. ಮೂರು ವಾರ ಇದೇ ನಡೆಯಿತು. ಪೂರ್ತಿ ಹೊಸದಾಗಿ ಬರೆಯಲು ಎರಡು ತಿಂಗಳು ಬೇಕು ಅಂತ ಲೆಕ್ಕವೂ ಹಾಕಿಬಿಟ್ಟಿದ್ದೆವು.

ಕೊನೆಗೆ ಯಾರದೋ ಬ್ಯಾಗಿನಲ್ಲಿದ್ದ ಹಳೇ ಫೋನನ್ನು ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಿ, ಕ್ರೋಮ್ ಬ್ರೌಸರಿನಲ್ಲಿ ಹೊತ್ತು ಎಲ್ಲಿ ಹೋಗುತ್ತಿದೆ ಅಂತ ತೋರಿಸುವ ಪರ್ಫಾರ್ಮೆನ್ಸ್ ಪುಟದಲ್ಲಿ ರೆಕಾರ್ಡ್ ಒತ್ತಿದೆವು. ತುಮಕೂರು ಆರಿಸಿದೆವು. ಸರ್ವರಿನಿಂದ ಪಟ್ಟಿ ಬಂದದ್ದು ಅರ್ಧ ಸೆಕೆಂಡಿನಲ್ಲಿ. ಅದಾದ ಮೇಲೆ ಎಂಟು ಸೆಕೆಂಡ್ ಉದ್ದದ ಒಂದೇ ಹಳದಿ ಗೆರೆ. ಜಾವಾಸ್ಕ್ರಿಪ್ಟ್, ಅಂದರೆ ಪೇಜಿನೊಳಗಿನ ಪ್ರೋಗ್ರಾಮ್, ಓಡುತ್ತಿದೆ ಅಂತ ಅರ್ಥ. ಅದರ ಮೇಲೆ ಕ್ಲಿಕ್ ಮಾಡಿದರೆ ಕಂಡದ್ದು ನಾನೇ ಬರೆದ ಫಂಕ್ಷನ್.

ಅದಕ್ಕೊಂದು ಹಿನ್ನೆಲೆ ಇದೆ, ಕನ್ನಡದ್ದೇ. "ಕೊಪ್ಪ" ಅನ್ನುವ ಹೆಸರು ತಗೊಳ್ಳಿ. "ಕೊ" ಅಕ್ಷರದ ಒಕಾರಕ್ಕೆ ಯೂನಿಕೋಡಿನಲ್ಲಿ, ಅಂದರೆ ಕಂಪ್ಯೂಟರುಗಳು ಅಕ್ಷರಗಳಿಗೆ ಬಳಸುವ ಸಂಕೇತಗಳ ಪಟ್ಟಿಯಲ್ಲಿ, ಒಂದೇ ಸಂಕೇತ ಇದೆ. ಅದನ್ನೇ ಎಕಾರದ ಗುರುತು, ಊಕಾರದ ಗುರುತು ಅಂತ ಎರಡು ಸಂಕೇತವಾಗಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ ಥರ. ಕಂಪ್ಯೂಟರಿಗೆ ಮಾತ್ರ ಎರಡು ಬೇರೆ ಬೇರೆ ಊರು. ನಮಗೆ ಬಂದ ಪಟ್ಟಿಯಲ್ಲಿ ಹೀಗೆ ಒಂದೇ ಊರು ಎರಡೆರಡು ಸಲ ಕಾಣುತ್ತಿತ್ತು. ಅದಕ್ಕೆ ನಾನು ಮಾಡಿದ್ದು ಇಷ್ಟು: ಪ್ರತಿ ಹೆಸರನ್ನೂ ಉಳಿದ ಹೆಸರುಗಳ ಜೊತೆ ಹೋಲಿಸು, ಹೋಲಿಸುವ ಮುಂಚೆ ಎರಡನ್ನೂ ನಾರ್ಮಲೈಸ್ ಮಾಡು, ಅಂದರೆ ಒಂದೇ ರೂಪಕ್ಕೆ ತಾ. ಆ ನಾರ್ಮಲೈಸ್ ಇದ್ದದ್ದು ಲೂಪಿನೊಳಗಿನ ಲೂಪಿನಲ್ಲಿ, ಅಂದರೆ ಪ್ರತಿ ಹೋಲಿಕೆಗೂ ಅದು ಮತ್ತೆ ಮತ್ತೆ ನಡೆಯುತ್ತಿತ್ತು.

ಟೆಸ್ಟ್ ಮಾಡಿದ್ದು ಕೊಡಗಿನ ಪಟ್ಟಿಯಲ್ಲಿ. ಸುಮಾರು ಮುನ್ನೂರು ಊರು, ಹತ್ತಿರ ಹತ್ತಿರ 45 ಸಾವಿರ ಹೋಲಿಕೆ. ಗೊತ್ತೇ ಆಗೋದಿಲ್ಲ. ತುಮಕೂರಿನದು ಎರಡೂವರೆ ಸಾವಿರ ದಾಟುತ್ತದೆ. ಊರು ಎಂಟು ಪಟ್ಟು ಜಾಸ್ತಿ, ಕೆಲಸ ಎಪ್ಪತ್ತು ಪಟ್ಟು: 31 ಲಕ್ಷ ಹೋಲಿಕೆ, ಅದರ ಎರಡರಷ್ಟು ನಾರ್ಮಲೈಸ್. ಅದೂ ಆ ಫೋನಿನಲ್ಲಿ. ರಿಪೇರಿ ಮಾಡಿದ್ದು ಆರು ಸಾಲು. ಪ್ರತಿ ಹೆಸರನ್ನೂ ಒಂದೇ ಸಲ ನಾರ್ಮಲೈಸ್ ಮಾಡಿ ಒಂದು ಸೆಟ್‌ಗೆ ಹಾಕೋದು. ಸೆಟ್ ಅಂದರೆ ಅಕಾರಾದಿಯಲ್ಲಿ ಅಂಚು ಕತ್ತರಿಸಿದ ಮುಯ್ಯಿ ಪುಸ್ತಕ ಇದ್ದ ಹಾಗೆ. ಹೆಸರು ಇದೆಯಾ ಅಂತ ನೋಡಲು ನೇರವಾಗಿ ಆ ಹಾಳೆಗೇ ಹೋಗಬಹುದು. ರಿಯಾಕ್ಟ್ ಹಾಗೇ ಉಳಿಯಿತು, ಸರ್ವರ್ ಹಾಗೇ ಉಳಿಯಿತು. ಎರಡು ತಿಂಗಳ ಕೆಲಸ ಊಟಕ್ಕೆ ಮುಂಚೆ ಮುಗಿಯಿತು.

ಜಿಟಿಎ ತಪ್ಪಿನ ಬಗ್ಗೆಯೂ ನನ್ನ ಊಹೆ ಇದೇ. ಆ ಕೋಡ್ ಬರೆದವರ ಮೇಜಿನ ಮೇಲಿದ್ದ ಪಟ್ಟಿ ಕೊಡಗಿನಷ್ಟಿತ್ತು, ವರ್ಷ ಕಳೆದಂತೆ ಅದು ತುಮಕೂರಾಯಿತು.

ಇಂಥ ಕಡೆ ತಪ್ಪದೆ ಬರುವ ಒಂದು ಮಾತಿದೆ: ಅವಸರದ ಆಪ್ಟಿಮೈಸೇಷನ್ (ಕೋಡಿನ ವೇಗ ಹೆಚ್ಚಿಸುವ ಕೆಲಸ) ಎಲ್ಲ ಕೇಡಿಗೂ ಮೂಲ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ 1974ರಲ್ಲಿ ಹೇಳಿದ್ದು. ನಿಧಾನದ ಕೋಡ್ ಬರೆದವರೆಲ್ಲ ಇದನ್ನು ಗುರಾಣಿ ಮಾಡಿಕೊಳ್ಳುತ್ತಾರೆ. ನಾನೂ ಮಾಡಿಕೊಂಡಿದ್ದೇನೆ. ಆದರೆ ಅದು ಅರ್ಧ ಮಾತು. ನೂರಕ್ಕೆ 97 ಸಲ ಸಣ್ಣಪುಟ್ಟ ಉಳಿತಾಯದ ಯೋಚನೆ ಬಿಡಿ, ಉಳಿದ 3ರಲ್ಲಿ ಮಾತ್ರ ಅವಕಾಶ ಬಿಡಬೇಡಿ ಅನ್ನುವುದು ಅವರ ಪೂರ್ತಿ ಮಾತಿನ ಸಾರ. ಆ ಮೂರು ಎಲ್ಲಿದೆ ಅಂತ ಅಳೆದೇ ಕಂಡುಕೊಳ್ಳಬೇಕು ಅಂತಲೂ ಅವರು ಹೇಳಿದ್ದಾರೆ. ಗುರಾಣಿಯ ಹಿಂಬದಿ ಓದುವವರು ಕಡಿಮೆ.

ಅಳೆದರೂ ಯಾವ ಅಳತೆ ಅನ್ನುವ ಜಗಳ ಇದ್ದೇ ಇದೆ. ಗೇಮ್ ಆಡುವವರ ಫ್ರೇಮ್ ಜಗಳ ನೋಡಿ, ಪರದೆ ಸೆಕೆಂಡಿಗೆ ಎಷ್ಟು ಚಿತ್ರ ತೋರಿಸಬೇಕು ಅನ್ನುವುದು. ಕಣ್ಣಿಗೆ 24 ಫ್ರೇಮಿಗಿಂತ ಜಾಸ್ತಿ ಕಾಣಲ್ಲ, ಸಿನಿಮಾ ಅಷ್ಟರಲ್ಲೇ ಓಡುತ್ತೆ ಅಂತ ಒಬ್ಬ ಶುರು ಮಾಡುತ್ತಾನೆ. ಸಿನಿಮಾದಲ್ಲಿ ನೀವು ಬಟನ್ ಒತ್ತೋದಿಲ್ಲ ಮಾರಾಯ್ರೇ. ಆಟದಲ್ಲಿ ಒತ್ತಿದ್ದು ಪರದೆಗೆ ಬರಲು ಎಷ್ಟು ಹೊತ್ತು ಅನ್ನುವುದೇ ಮುಖ್ಯ. ಫ್ರೇಮ್ ಲೆಕ್ಕ ಬಿಟ್ಟು ಮಿಲಿಸೆಕೆಂಡ್ ಲೆಕ್ಕಕ್ಕೆ ಬಂದರೆ ಅರ್ಧ ಜಗಳ ತಣ್ಣಗಾಗುತ್ತದೆ. 30 ಫ್ರೇಮ್ ಅಂದರೆ ಒಂದೊಂದಕ್ಕೆ 33.3 ಮಿಲಿಸೆಕೆಂಡ್, 60 ಅಂದರೆ 16.7, 144 ಅಂದರೆ 6.9. ಮೂವತ್ತರಿಂದ ಅರವತ್ತಕ್ಕೆ ಹೋದಾಗ ಸಿಗುವ ಲಾಭ, ಅರವತ್ತರಿಂದ 144ಕ್ಕೆ ಹೋದಾಗ ಸಿಗೋದಿಲ್ಲ. ದುಡ್ಡು ಮಾತ್ರ ಉಲ್ಟಾ ಖರ್ಚಾಗುತ್ತದೆ.

ಆದರೆ ಒಂದು ವಿಷಯದಲ್ಲಿ ಗೇಮರುಗಳು ನಮಗಿಂತ ಪ್ರಾಮಾಣಿಕರು. ಸರಾಸರಿಯನ್ನು ಅವರು ನಂಬೋದಿಲ್ಲ. ಒಂದು ಸೆಕೆಂಡಿನಲ್ಲಿ 59 ಫ್ರೇಮ್ 800 ಮಿಲಿಸೆಕೆಂಡಿನಲ್ಲಿ ಸಲೀಸಾಗಿ ಬಂದು, ಅರವತ್ತನೆಯದೊಂದೇ 200 ತಿಂದರೂ ಮೂಲೆಯ ಮೀಟರ್ 60 ಅಂತಲೇ ತೋರಿಸುತ್ತದೆ. ಕೈಗೆ ಮಾತ್ರ ಝಟ್ ಅಂತ ಹೊಡೆತ ಗೊತ್ತಾಗುತ್ತದೆ. ಅದಕ್ಕೇ ಅವರು "ಒನ್ ಪರ್ಸೆಂಟ್ ಲೋ" ಕೇಳೋದು, ತೀರಾ ಕೆಟ್ಟದಾಗಿ ಬಂದ ನೂರರಲ್ಲೊಂದು ಫ್ರೇಮಿನ ಗತಿ ಏನು ಅಂತ. ವೆಬ್‌ನವರು ಈ ದಾರಿಗೆ ಬಂದದ್ದು ತಡವಾಗಿ. ಗೂಗಲ್‌ನ ಅಳತೆಯಲ್ಲಿ ಪೇಜಿನ ಮುಖ್ಯ ಭಾಗ ಎರಡೂವರೆ ಸೆಕೆಂಡಿನಲ್ಲಿ ಕಾಣಬೇಕು, ನೂರರಲ್ಲಿ 75 ಸಲವಾದರೂ. 2024ರ ಮಾರ್ಚ್‌ನಿಂದ ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪೇಜ್ ಓಗೊಡಬೇಕು ಅನ್ನುವ ಅಳತೆಯೂ ಸೇರಿದೆ. ಉಳಿದ 25ರಲ್ಲಿ ಶಿರಾದ ಹುಡುಗ ಇರುತ್ತಾನೆ ಅಂತ ನನ್ನ ತಕರಾರು. ಅದು ಇನ್ನೊಂದು ವಾದ.

ನಿಮ್ಮ ಹತ್ತಿರ ಹಳೇ ಫೋನ್ ಇಲ್ಲದಿದ್ದರೆ ಕ್ರೋಮಿನ ಅದೇ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಥ್ರಾಟ್ಲಿಂಗ್ ಅಂತ ಇದೆ. ಪ್ರೊಸೆಸರನ್ನು ಬೇಕಂತಲೇ ನಾಲ್ಕು ಪಟ್ಟು, ಆರು ಪಟ್ಟು ನಿಧಾನ ಮಾಡಿ ನೋಡಬಹುದು. ನಿಜವಾದ ಫೋನಿನಷ್ಟು ಚೆನ್ನಾಗಿಲ್ಲ, ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ. ನಮ್ಮ ಆಫೀಸಿನಲ್ಲಿ ಆ ಹಳೇ ಫೋನ್ ಈಗ ಡ್ರಾಯರಿನಲ್ಲಿದೆ, ಹಿಂಬದಿಯಲ್ಲಿ "ಶಿರಾ" ಅಂತ ಚೀಟಿ ಅಂಟಿಸಿದ್ದೇವೆ. ಹೋದ ವಾರ ಮತ್ತೆ ಯಾವುದೋ ಪೇಜ್ ನಿಧಾನ ಅಂತ ಮಾತು ಬಂತು. ನಮ್ಮ ಹಿರಿಯರು ಬಾಯಿ ತೆರೆದು "ನಾನು ಆವತ್ತೇ ಹೇಳಿದ್ದೆ, ಈ ರಿಯಾಕ್ಟ್..." ಅನ್ನುವಷ್ಟರಲ್ಲಿ ಹುಡುಗ ಡ್ರಾಯರ್ ಎಳೆದ. ಫೋನಿನ ಚಾರ್ಜ್ ಮುಗಿದಿತ್ತು. ಅದು ಚಾರ್ಜ್ ಆಗುವವರೆಗೆ, ಒಂದು ಇಪ್ಪತ್ತು ನಿಮಿಷ, ಎಲ್ಲರೂ ಸೇರಿ ರಿಯಾಕ್ಟನ್ನು ಬೈದೆವು.